ಹಗ್ಗವಿಲ್ಲದ ಹಗ್ಗದಾಟ

ಕಳೆದ ಶನಿವಾರ ಇಂದಿರಾನಗರದ ಒಂದು ಆಫೀಸಿನಲ್ಲಿ, ಕ್ಯಾಮೆರಾ ಎದುರು ಕೂತು, ಒಂದೇ ಒಂದು ವಾಕ್ಯ ಹೇಳುವುದಿಲ್ಲ ಎಂದು ಹಟ ಹಿಡಿದೆ. ವಾಕ್ಯ ಬಹಳ ಸಣ್ಣದು. "ಇದು ನಾವು ಆಡ್ತಿದ್ದ ಅದೇ ಆಟ." ಅಷ್ಟೇ. ಹೇಳಿದ್ದರೆ ಕಾಫಿ ಕುಡಿದು, ಅವರು ಕೊಡುವ ಟೀ ಶರ್ಟ್ ಇಸಿದುಕೊಂಡು, ಊಟದ ಹೊತ್ತಿಗೆ ಲಿಂಗರಾಜಪುರದ ಮನೆ ಸೇರಬಹುದಿತ್ತು.

ಹೇಳಲಿಲ್ಲ. ಚಿಕ್ಕಂದಿನಿಂದ ಜೊತೆಗಿದ್ದ ಗೆಳತಿ ಮಾತು ಬಿಟ್ಟಳು.

"ಗೇಮ್ ಬಗ್ಗೆ ಅಂಕಣವಾ, ಈ ವಯಸ್ಸಲ್ಲಾ?" ಎಂದು ಹುಬ್ಬೇರಿಸುವ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಹೌದು, ಗೇಮ್ ಬಗ್ಗೆಯೇ. ಹೌದು, ಈ ವಯಸ್ಸಲ್ಲೇ. ಧಾರಾವಾಹಿಯಲ್ಲಿ ನಾಯಕಿ ಬದಲಾದಳೆಂದು ನೀವು ವಾರಗಟ್ಟಲೆ ಗೊಣಗಿದ್ದನ್ನು ನಾನು ಕೇಳಿಸಿಕೊಂಡಿಲ್ಲವೇ?

ಗೆಳತಿಯ ಹೆಸರು ಶೋಭಾ ಎಂದಿಟ್ಟುಕೊಳ್ಳಿ. ಕೆ.ಆರ್. ಪುರಂ ಕಡೆಯ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಇಡೀ ಸಾಲಿಗೆ ಮೊದಲು ಕಂಪ್ಯೂಟರ್ ಬಂದದ್ದು ಅವರ ಮನೆಗೆ. ಮಗಳ ಓದಿಗೆಂದು ಅವರಪ್ಪ ತಂದದ್ದು. ಅದಕ್ಕೆ ಅವರಮ್ಮ ಹೂವಿನ ಬಟ್ಟೆಯಲ್ಲಿ ಕವರ್ ಹೊಲಿದಿದ್ದರು (ಆಯುಧಪೂಜೆಯಲ್ಲಿ ಮಾನಿಟರ್‌ಗೂ ಕುಂಕುಮ ಹಚ್ಚುತ್ತಿದ್ದರು). ಅಪ್ಪಂದಿರು ಸೆಕೆಂಡ್ ಶಿಫ್ಟ್‌ಗೆ ಹೊರಟ ಮೇಲೆ ನಾವು ಆ ಕವರ್ ತೆಗೆಯುತ್ತಿದ್ದೆವು. ಓದಲಿಕ್ಕಲ್ಲ ಎಂದು ಬೇರೆ ಹೇಳಬೇಕಿಲ್ಲ.

ಆಟದ ನಿಜವಾದ ಹೆಸರು ಬರೆಯುವುದಿಲ್ಲ (ವಕೀಲರ ನೋಟಿಸ್ ಓದುವ ತಾಳ್ಮೆ ನನಗಿಲ್ಲ). ನಮ್ಮ ಬಾಯಲ್ಲಿ ಅದು ಹಗ್ಗದಾಟ. ಇಬ್ಬರು ಬೆಟ್ಟ ಹತ್ತುತ್ತಾರೆ. ಒಬ್ಬನಿಗೆ ಕೆಂಪು ಟೋಪಿ, ಇನ್ನೊಬ್ಬನಿಗೆ ಹಳದಿ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಒಂದೇ ಕೀಬೋರ್ಡ್‌ನಲ್ಲಿ ಎಡಗಡೆ ಕೂತವರು ಒಬ್ಬನನ್ನು ಆಡಿಸಬೇಕು, ಬಲಗಡೆ ಕೂತವರು ಇನ್ನೊಬ್ಬನನ್ನು. ಒಬ್ಬ ಜಾರಿದರೆ ಇನ್ನೊಬ್ಬ ನಿಂತು ಎಳೆಯಬೇಕು. ಬಿಟ್ಟು ಹೋಗುವಂತಿಲ್ಲ. ಹಾಗೆ ಬಿಡುವುದಕ್ಕೆ ಬಟನ್ನೇ ಇರಲಿಲ್ಲ.

ನಾನು ಎಡಗಡೆ. ಬೀಳುವುದರಲ್ಲಿ ಎಕ್ಸ್‌ಪರ್ಟ್. ಶೋಭಾ ಬಲಗಡೆ, ಎಳೆಯುವವಳು. ಒತ್ತಿ ಒತ್ತಿ ಅವರ ಮನೆಯ ಎಂಟರ್ ಕೀ ಮೇಲಿನ ಅಕ್ಷರವೇ ಅಳಿಸಿಹೋಗಿತ್ತು.

ಒಮ್ಮೆ ಒಂದು ಹೇರ್‌ಬ್ಯಾಂಡ್ ವಿಚಾರಕ್ಕೆ ಇಬ್ಬರೂ ಮಾತು ಬಿಟ್ಟೆವು. ಆಟ ಬಿಡಲಿಲ್ಲ. ಬಿಡುವುದು ಹೇಗೆ? ಒಬ್ಬರೇ ಆಡುವ ಹಾಗೇ ಇಲ್ಲವಲ್ಲ. ಮುಖ ಊದಿಸಿಕೊಂಡು ಒಂದೇ ಬೆಂಚಿನ ಆ ತುದಿ ಈ ತುದಿಯಲ್ಲಿ ಕೂತೆವು. ನಾನು ಎಂದಿನಂತೆ ಜಾರಿದೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಎಂಟರ್ ಒತ್ತಿ ಹಿಡಿದಳು. ನಾನು ಮೇಲೆ ಬಂದೆ. ಹೇರ್‌ಬ್ಯಾಂಡ್ ಯಾರದ್ದೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ, ಆದರೆ ಮಾರನೆಯ ದಿನ ಸ್ಕೂಲಿಗೆ ಜೊತೆಯಲ್ಲೇ ಹೋದೆವು.

ಈಗ ಶೋಭಾ ಇಂದಿರಾನಗರದ ಒಂದು ಗೇಮ್ ಕಂಪನಿಯಲ್ಲಿ ಡಿಸೈನ್ ತಂಡದ ಮುಖ್ಯಸ್ಥೆ. ಅದೇ ಹಗ್ಗದಾಟದ ಹೊಸ ಸ್ಪಿನ್-ಆಫ್ ಅನ್ನು ಮೊಬೈಲಿಗೆ ಮಾಡುವ ಕೆಲಸ ಅವರಿಗೆ ಸಿಕ್ಕಿದೆ. (ಸ್ಪಿನ್-ಆಫ್ ಅಂದರೆ ಮೂಲ ಸರಣಿಯಿಂದ ಕವಲೊಡೆದ ಮರಿ ಆಟ. ಹೆಸರು ಅದೇ, ಲೋಕ ಅದೇ, ಕಥೆ ಬೇರೆ.) ಮಂಗಳವಾರ ಮೂಲ ಕಂಪನಿಯವರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಒಪ್ಪಿದರೆ ಅವಳ ತಂಡ ಉಳಿಯುತ್ತದೆ. ಇಲ್ಲದಿದ್ದರೆ ಅವಳೂ ಸೇರಿ ಅಷ್ಟೂ ಜನ ಬೇರೆ ಕೆಲಸ ಹುಡುಕಬೇಕು. ಆಟದ ಜೊತೆ ತೋರಿಸಲು ಹಳೆಯ ಅಭಿಮಾನಿಯೊಬ್ಬರ ವಿಡಿಯೋ ಬೇಕಿತ್ತು.

"ನಿನಗಿಂತ ಹಳೇ ಫ್ಯಾನ್‌ನ ಎಲ್ಲಿ ಹುಡುಕ್ಲಿ? ಬಾರೇ," ಅಂದಳು. ಹೋದೆ. ಖುಷಿಯಿಂದಲೇ ಹೋದೆ.

ಸೋಫಾದ ಮೇಲೆ ಕೂತೆವು. ಯಾರೂ ಹೇಳದೆಯೇ ನಾನು ಎಡಗಡೆ, ಅವಳು ಬಲಗಡೆ. ಫೋನ್ ನನ್ನ ಕೈಗೆ ಕೊಟ್ಟಳು. ಅದೇ ಮ್ಯೂಸಿಕ್. ಅದೇ ಬೆಟ್ಟ. ಅದೇ ಕೆಂಪು ಟೋಪಿ. ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಹಳದಿ ಟೋಪಿಯವನು ಹಿಂದೆ ಹಿಂದೆ ತಾನಾಗಿಯೇ ನಡೆದು ಬರುತ್ತಿದ್ದ.

"ಹಗ್ಗ ಎಲ್ಲೇ?" ಅಂದೆ.

"ಹಗ್ಗ ಇಲ್ಲ ಕಣೇ. ಈಗ ಒಬ್ರೇ ಆಡೋದು. ಅವನನ್ನ ಕಂಪ್ಯೂಟರ್ರೇ ನೋಡ್ಕೊಳತ್ತೆ."

"ಅವನು ಬಿದ್ರೆ?"

"ನೆಕ್ಸ್ಟ್ ಅಂತ ಒತ್ತು. ಇನ್ನೊಬ್ಬ ಬರ್ತಾನೆ."

"ನಾನು ಬಿದ್ರೆ?"

"ಒಂದು ಆಡ್ ನೋಡು. ಮೇಲೆ ಬರ್ತೀಯ."

ನಂಬಿಕೆಯಾಗಲಿಲ್ಲ. ಬಿದ್ದೇ ನೋಡೋಣ ಎಂದು ಕೆಂಪು ಟೋಪಿಯನ್ನು ಅಂಚಿಗೆ ಒಯ್ದೆ. ಅವನು ಜಾರಿದ. ಆಗ ನಡೆದದ್ದನ್ನು ದಯವಿಟ್ಟು ಗಮನವಿಟ್ಟು ಓದಿ. ಆಟ ಡಿಸೈನ್ ಮಾಡಿದ ನನ್ನ ಗೆಳತಿಯ ಬಲಗೈ ಹೆಬ್ಬೆರಳು ತಾನಾಗಿಯೇ ಬಂದು ಸ್ಕ್ರೀನಿನ ಬಲ ಮೂಲೆಯನ್ನು ಒತ್ತಿ ಹಿಡಿಯಿತು. ಅಲ್ಲಿ ಏನೂ ಇರಲಿಲ್ಲ. ಎಳೆಯುವ ಬಟನ್ನನ್ನು ಅವಳೇ ತೆಗೆದುಹಾಕಿದ್ದಳಲ್ಲ. ಪರದೆಯ ಮೇಲೆ ಪರ್ಸನಲ್ ಲೋನಿನ ಜಾಹೀರಾತು ಬಂತು.

"ಹಳೇ ಅಭ್ಯಾಸ," ಎಂದು ಕೈ ಹಿಂದೆ ತೆಗೆದುಕೊಂಡಳು.

ಪ್ರಾಡಕ್ಟ್ ಮ್ಯಾನೇಜರ್ ನಿಖಿಲ್ (ಇದೂ ಬದಲಿಸಿದ ಹೆಸರೇ) ಪಕ್ಕದಲ್ಲಿ ನಿಂತಿದ್ದರು. "ಮೇಡಂ, ಸ್ಪಿನ್-ಆಫ್ ಅಂದ್ಮೇಲೆ ಚೇಂಜ್ ಇರತ್ತೆ. ಈಗಿನ ಯೂಸರ್ಸ್‌ಗೆ ಪಾರ್ಟ್ನರ್‌ನ ಕಾಯೋಷ್ಟು ಪುರುಸೊತ್ತಿಲ್ಲ. ನಾಸ್ಟಾಲ್ಜಿಯಾ ವರ್ಕ್ ಆಗಲ್ಲ."

"ನಾಸ್ಟಾಲ್ಜಿಯಾ ವರ್ಕ್ ಆಗಲ್ಲ ಅಂದ್ರೆ ನನ್ನನ್ನ ಯಾಕ್ರೀ ಕರೆಸಿದ್ರಿ?" ಅಂದೆ.

ಬದಲಾವಣೆಯೇ ಬೇಡ ಅನ್ನುವವಳಲ್ಲ ನಾನು. ಇದೇ ಸರಣಿಯ ಮೊದಲ ಸ್ಪಿನ್-ಆಫ್‌ನಲ್ಲಿ ಬೆಟ್ಟವೇ ಇರಲಿಲ್ಲ. ಇಬ್ಬರೂ ಸೇರಿ ಹೋಟೆಲ್ ಇಟ್ಟಿದ್ದರು. ಒಂದು ದೊಡ್ಡ ಸಾರಿನ ಪಾತ್ರೆಯ ಎರಡು ಕಿವಿ ಹಿಡಿದು ಇಬ್ಬರೂ ಅಡುಗೆಮನೆಯಿಂದ ಹಾಲ್‌ವರೆಗೆ ಒಯ್ಯಬೇಕು. ಒಬ್ಬ ಆತುರಪಟ್ಟರೆ ಸಾರು ಚೆಲ್ಲುತ್ತದೆ. ಹಗ್ಗವೇ ಕಾಣದಿದ್ದರೂ ಅದು ಹಗ್ಗದಾಟವೇ ಆಗಿತ್ತು. ಶೋಭಾ ಮತ್ತು ನಾನು ಪಿಯುಸಿ ಪರೀಕ್ಷೆಯ ರಜೆಯನ್ನೆಲ್ಲ ಆ ಸಾರಿಗೇ ಸುರಿದೆವು. ಆ ಟೋಪಿಯವರನ್ನು ಚಂದ್ರನ ಮೇಲೆ ಕಳಿಸಿ, ಬಸ್ಸು ಓಡಿಸಲು ಹಚ್ಚಿ, ಟೋಪಿ ಕಿತ್ತು ಪೇಟ ಸುತ್ತಿ. ನನ್ನ ತಕರಾರಿಲ್ಲ. ಆದರೆ ಒಬ್ಬರಿಗೆ ಇನ್ನೊಬ್ಬರು ಬೇಕು ಎಂಬುದನ್ನು ತೆಗೆದ ಮೇಲೆ ಅದು ಯಾವ ಸಂಬಂಧಕ್ಕೆ ಮರಿ?

ಶಿವಾಜಿನಗರದಲ್ಲಿ ನಿಂತು ಕುಡಿಯುವ ಟೀ ಅಂಗಡಿಯೊಂದಿದೆ. ಅದರ ಬ್ರಾಂಚ್ ಮಾರತ್ತಹಳ್ಳಿಯಲ್ಲಿ ಆಯಿತೆಂದರೆ ಎಸಿ ಹಾಕಲಿ, ಕುಶನ್ ಕುರ್ಚಿ ಇಡಲಿ, ಬನ್ ಮಸ್ಕಾವನ್ನು ಕರಿ ಕಲ್ಲಿನ ತಟ್ಟೆಯಲ್ಲಿ ಕೊಡಲಿ, ನಕ್ಕು ತಿಂದು ಬರುತ್ತೇನೆ. ಟೀ ಬದಲು ಬಿಸಿನೀರು ಕೊಟ್ಟು ಪಕ್ಕದಲ್ಲಿ ಟೀ ಪುಡಿಯ ಪುಟ್ಟ ಚೀಲ ಇಟ್ಟರೆ? ಬೋರ್ಡ್ ಇಳಿಸಿ ಸ್ವಾಮಿ ಅನ್ನುವುದಿಲ್ಲವೇ? ಹೊಸ ಅಂಗಡಿ ಹೊಸ ಹೆಸರಿನಲ್ಲಿ ಏನು ಬೇಕಾದರೂ ಮಾರಲಿ. ಹಳೆಯ ಹೆಸರು ಹಾಕಿ ಕರೆದರೆ ಹಳೆಯ ಗಿರಾಕಿ ಕೇಳಿಯೇ ಕೇಳುತ್ತಾನೆ.

ಹೀಗಾಗಿ ಕ್ಯಾಮೆರಾ ಆನ್ ಆದಾಗ, ಅವರು ಹೇಳಿಕೊಟ್ಟ ಆ ವಾಕ್ಯ ಬಿಟ್ಟು ಹೇಳಿದೆ: "ಟೋಪಿ ಅದೇ. ಮ್ಯೂಸಿಕ್ ಅದೇ. ಆಟ ಅದಲ್ಲ. ನಮ್ಮ ಹಗ್ಗ ಎಲ್ಲಿ?"

"ಫಸ್ಟ್ ಎರಡು ಲೈನ್ ಸಾಕು. ಮಿಕ್ಕಿದ್ದು ಎಡಿಟ್ ಮಾಡ್ಕೊಳ್ತೀವಿ," ಅಂದರು ನಿಖಿಲ್. (ಕೋಪ ಬಂತಾದರೂ ಆ ಚುರುಕುತನಕ್ಕೆ ತಲೆದೂಗಿದೆ.)

ಶೋಭಾ ಲಿಫ್ಟ್‌ವರೆಗೆ ಬಂದಳು. ಮುಖ ಕೆಂಪಾಗಿತ್ತು.

"ನೀನು ಹೇಳಿ ಹೋಗ್ಬಿಡ್ತೀಯ. ಆಮೇಲೆ ಟೀಮಿನವರ ಮುಖ ನೋಡ್ಬೇಕಾಗಿರೋದು ನಾನು. ಹಗ್ಗ ಬೇಕು ಅಂತ ನಾನೂ ಕೇಳ್ದೆ, ಗೊತ್ತಾ? ಆಗಲ್ಲ ಅಂದ್ರು. ಸುಮ್ನಾದೆ." ಲಿಫ್ಟ್ ಬಾಗಿಲು ತೆರೆಯಿತು. "ಜಾರ್ತಿರೋದು ನಾನು ಕಣೇ. ಒಂದ್ಸಲ ನೀನು ಎಳೀಬಹುದಿತ್ತು."

"ನಿನ್ನ ಹೆಬ್ಬೆರಳು ಯಾಕೆ ಬಂತು ಹಾಗಾದ್ರೆ?" ಅಂದೆ. ಬಾಗಿಲು ಮುಚ್ಚಿತು.

ಆಟೋ ಹಲಸೂರು ಕೆರೆ ದಾಟುವವರೆಗೂ ಅವಳ ಮಾತೇ ಕೊರೆಯುತ್ತಿತ್ತು. ಹೇಳಿಬಿಡಬಹುದಿತ್ತೇ? ಒಂದು ವಾಕ್ಯದಲ್ಲಿ ಏನಿದೆ? ಅವಳ ಕೆಲಸಕ್ಕಿಂತ ನನ್ನ ಹಳೆಯ ಆಟ ದೊಡ್ಡದೇ? ಸಂಕಟವಾಯಿತು, ನಿಜ. ಆದರೂ ಆಟೋ ತಿರುಗಿಸು ಅನ್ನಲಿಲ್ಲ. ಅವಳೇ ನಂಬದ ಮಾತನ್ನು ನನ್ನ ಬಾಯಲ್ಲಿ ಹೇಳಿಸಿಕೊಂಡು ಅವಳು ಎಷ್ಟು ದಿನ ನೆಮ್ಮದಿಯಾಗಿರುತ್ತಿದ್ದಳು? ಭಾನುವಾರ, ಸೋಮವಾರ ಫೋನ್ ಮಾಡಿದೆ. ಎತ್ತಲಿಲ್ಲ.

ಮಂಗಳವಾರ ಸಂಜೆ ಮೆಸೇಜ್ ಬಂತು. "ನಿನ್ನ ವಿಡಿಯೋ ಹಾಕ್ದೆ. ಎಡಿಟ್ ಮಾಡ್ಲಿಲ್ಲ."

ಎರಡೆರಡು ಸಲ ಓದಿದೆ. ಅದೇ ಹುಡುಗಿ. ಮಾತಿಲ್ಲ ಕಥೆಯಿಲ್ಲ, ಈ ಕಡೆ ತಿರುಗಿಯೂ ನೋಡದೆ ಎಂಟರ್ ಒತ್ತಿದ್ದಳು.

ಆಮೇಲೆ ಅವಳೇ ಫೋನ್ ಮಾಡಿದಳು. ವಿಡಿಯೋ ಮುಗಿದ ಮೇಲೆ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದಳಂತೆ: ಎರಡು ಫೋನು, ಇಬ್ಬರು ಜನ, ನಡುವೆ ಹಗ್ಗ, ಹಾಗೆ ಮಾಡಲು ಟೈಮ್ ಕೊಡಿ. ಇಲ್ಲವಾದರೆ ಹಳೆಯ ಹೆಸರು ತೆಗೆಯಿರಿ, ಇದೇ ಆಟವನ್ನು ಹೊಸ ಹೆಸರಲ್ಲಿ ಮುಗಿಸಿ ಕೊಡ್ತೀವಿ. ಮೂಲ ಕಂಪನಿಯವರು ಯೋಚಿಸಿ ತಿಳಿಸ್ತೀವಿ ಅಂದರಂತೆ. ನಿಖಿಲ್ ಅವಳ ಜೊತೆ ಮಾತಾಡುತ್ತಿಲ್ಲ.

"ಕೆಲಸ ಹೋದ್ರೆ ನಿನ್ನ ಮನೆಗೇ ಬರ್ತೀನಿ," ಅಂದಳು.

"ಬಾ. ಬಲಗಡೆ ಖಾಲಿನೇ ಇದೆ. ಇದನ್ನ ಈ ವಾರ ಬರೀಲಾ?"

"ಬರಿ. ಹೆಸರು ಬದಲಾಯ್ಸು. ಬೇರೇನೂ ಬದಲಾಯಿಸ್ಬೇಡ."

ಬದಲಿಸಿಲ್ಲ. ಇನ್ನೂ ಯೋಚಿಸುತ್ತಿರುವ ಆ ಕಂಪನಿಯವರಿಗೆ ಒಂದು ಪ್ರಶ್ನೆ: ನಾಳೆ ಶೋಭಾಳನ್ನು ಕೆಳಕ್ಕೆ ತಳ್ಳಿದ ಮೇಲೆ, ಅವಳಿಗೂ ಒಂದು ಜಾಹೀರಾತು ತೋರಿಸುತ್ತೀರಾ?