ಅಕ್ಕನ ವಾಕರಿಗೆ ದಾರಿ

ಆ ರಿಪೇರಿಯವನ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಕೈಜಾರಿ ಬಿದ್ದರೆ, ಅದನ್ನು ಹುಡುಕುವುದಕ್ಕಿಂತ ಗಣಿಗೆ ಹೋಗಿ ಕಬ್ಬಿಣ ಅಗೆದು ಹೊಸದು ಮಾಡಿಸುವುದೇ ಬೇಗ ಆಗುತ್ತಿತ್ತು. ಒಳಹೊಕ್ಕ ಇಲಿಯೊಂದು ದಾರಿ ತಪ್ಪಿ ಅಲ್ಲೇ ಮುದಿಯಾಯಿತೆಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ರೆಕ್ಕೆಯಿಲ್ಲದ ಫ್ಯಾನು, ಜಾರಿಲ್ಲದ ಮಿಕ್ಸಿ, ಸುಟ್ಟ ಮೋಟಾರು, ಯಾವುದನ್ನೂ ಅವನು ಬಿಸಾಡಿದವನಲ್ಲ. ಹೆಂಡತಿ ಹೇಳಿ ಹೇಳಿ ಬಾಯಿ ನೋಯಿಸಿಕೊಂಡು ಸುಮ್ಮನಾಗಿದ್ದಳು.

ಅಂಥವನು ಒಂದು ಬೆಳಿಗ್ಗೆ ತೋಳೇರಿಸಿ ನಿಂತದ್ದು ಅಕ್ಕನಿಗಾಗಿ. ತಾಯಿಯಿಲ್ಲದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳು. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ವಾಕರ್ ಹಿಡಿದೇ ನಡೆಯಬೇಕಾಗಿತ್ತು. ಈಗ ಅವನ ಮನೆಯಲ್ಲೇ ಇದ್ದಳು; ಅವನೂ ಹೆಂಡತಿಯೂ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಅವಳೊಬ್ಬಳೇ. ಜಗಳವಾಡೋಕಾದರೂ ಒಬ್ಬರು ಬೇಡವೇನೋ ಎಂದು ಗೊಣಗುತ್ತಿದ್ದವಳು ಈಚೆಗೆ ಗೊಣಗುವುದನ್ನೂ ಬಿಟ್ಟಿದ್ದಳು. ಅದನ್ನು ಅವನು ಗಮನಿಸಿದ. ಅಂಗಡಿಯ ಒಳಮೂಲೆಯಲ್ಲಿ, ಫ್ಯಾನಿನ ಕೆಳಗೆ, ಅವಳಿಗೊಂದು ಕುರ್ಚಿ ಹಾಕಬೇಕೆಂದು ನಿಶ್ಚಯಿಸಿದ.

ವಾಕರಿನ ಅಗಲಕ್ಕೆ ತಾಮ್ರದ ತಂತಿ ಕತ್ತರಿಸಿಕೊಂಡ. ಅದನ್ನೇ ಅಳತೆ ಹಿಡಿದು ಬಾಗಿಲಿನಿಂದ ದಾರಿ ಬಿಡಿಸಿದ. ಆದರೆ ಒಂದು ಮೊಳೆಯನ್ನೂ ಎಸೆಯಲು ಮನಸ್ಸಾಗದೆ ಎಲ್ಲವನ್ನೂ ಎರಡೂ ಪಕ್ಕಕ್ಕೆ ಪೇರಿಸಿದ. ರಾಶಿ ಎಷ್ಟೆತ್ತರ ಹೋಯಿತೆಂದರೆ, ತುದಿಯ ಮಿಕ್ಸಿಗೆ ಮೋಡ ತಗಲಿ ತುಕ್ಕು ಹಿಡಿಯಿತು.

ಅಕ್ಕ ಬಂದಳು. ವಾಕರ್ ಎಲ್ಲೂ ತಾಗದೆ ಒಳಗೆ ಹೋಯಿತು, ಅವನು ಬೀಗಿದ. ಕುರ್ಚಿಯ ಮುಂದೆ ಹೋಗಿ ಅವಳು ನಿಂತೇ ಇದ್ದಳು. ಕೂರಬೇಕಾದರೆ ತಿರುಗಬೇಕು, ತಿರುಗಲು ವಾಕರಿಗೆ ಜಾಗವಿಲ್ಲ. ಗಾಬರಿಯಲ್ಲಿ ಅವನು ಕುರ್ಚಿಯನ್ನೇ ಎತ್ತಿ ಅವಳ ಹಿಂದೆ ಇಟ್ಟ. ಕೂತಳು. ಎದುರಿಗೆ ಬರೀ ಗೋಡೆ.

"ಲೋ ಪೆದ್ದ, ಗೋಡೆ ನೋಡೋಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ? ಮನೇಲೂ ಒಂದಿತ್ತಲ್ಲೋ," ಎಂದಳು. ನಕ್ಕಳು. ಆಮೇಲೆ ದನಿ ಇಳಿಯಿತು. "ಇರ್ಲಿ ಬಿಡು. ನಿನ್ನ ಕೆಲಸ ಕೆಡೋದು ಬೇಡ, ಮನೆಗೆ ಬಿಟ್ಬಿಡು."

"ಸ್ವಲ್ಪ ಕೂತ್ಕೋ ಅಕ್ಕ," ಎಂದಷ್ಟೇ ಹೇಳಿ ಅವನು ಎಡಗಡೆಯ ರಾಶಿಗೆ ಕೈಹಾಕಿದ. ಮೋಟಾರು, ರೆಕ್ಕೆ, ಮುರುಕು ಜಾರು ಒಂದೊಂದಾಗಿ ಬೀದಿಗೆ ಬಂದವು. ಕರೆಸಿಕೊಂಡ ಗುಜರಿಯವನು ನಂಬಲಾರದೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ವಿಚಾರಿಸಿದ. ನೆಲ ಕಾಣಿಸಿತು. ಅದು ಕೆಂಪು ಬಣ್ಣದ್ದೆಂದು ಅಂಗಡಿಯವನಿಗೇ ಮರೆತುಹೋಗಿತ್ತು.

ಅಕ್ಕ ಎದ್ದು ವಾಕರ್ ಹಿಡಿದಳು, ಅವನು ಕುರ್ಚಿಯನ್ನು ಮತ್ತೆ ಮೂಲೆಗೆ ಸರಿಸಿ ಬೀದಿಗೆ ಮುಖ ಮಾಡಿಟ್ಟ. ಮೆಲ್ಲಗೆ, ಪೂರ್ತಿ ಒಂದು ಸುತ್ತು ತಿರುಗಿದಳು. ಅರ್ಧ ಸುತ್ತಿಗೇ, ಬೀದಿ ಎದುರಾದಾಗ, ಕೂರಬಹುದಿತ್ತು. ಕೂರದೆ, ತಮ್ಮನ ಮುಖ ನೋಡುತ್ತ, ಇನ್ನೊಂದು ಸುತ್ತು ತಿರುಗಿದಳು.