ಎಂಜಿನ್ ಗೂಡಿಗೆ ಮೂಗಿಡುವ ಕೆಲಸ

ಮೇಸ್ತ್ರಿಗೆ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಕಳೆದದ್ದು ದೋಣಿಕಟ್ಟೆಯ ಮೇಲೆ, ಕಂಡವರ ಬೋಟಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು. ಈಗ ನೋಡಿಕೊಳ್ಳುತ್ತಿದ್ದ ಯಜಮಾನರ ಬೋಟು ಎಂಟು ಜನ ಕೂರುವಷ್ಟು. ಮೇಲೆ ಬಿಳಿ ಸೀಟು, ಹಿಂದೆ ದೊಡ್ಡ ಮುಚ್ಚಳದಡಿ ಪೆಟ್ರೋಲ್ ಎಂಜಿನ್. ಭಾನುವಾರ ಯಜಮಾನರು ಮನೆಮಂದಿಯೊಂದಿಗೆ ಬಂದು ಎರಡು ಗಂಟೆ ಸುತ್ತಿ ಹೋಗುವರು. ಆ ಎರಡು ಗಂಟೆಯ ಸುಖಕ್ಕೆ ಉಳಿದ ಆರು ದಿನದ ಚಾಕರಿ ಮೇಸ್ತ್ರಿಯದು. ಎಂಜಿನ್ನಿಗೆ ಸಿಹಿನೀರು ಹಾಯಿಸಿ ಉಪ್ಪು ಕಳೆಯಬೇಕು, ತಳಕ್ಕೆ ಹತ್ತಿದ ಪಾಚಿ ಕೆರೆಯಬೇಕು, ಹಗ್ಗ ಎಲ್ಲಿ ಸವೆದಿದೆ ಅಂತ ಬೆರಳಿನಿಂದ ಸವರಿ ನೋಡಬೇಕು. "ಬೋಟು ಬಾಣಂತಿ ಇದ್ದ ಹಾಗೆ, ಒಂದು ದಿನ ಮರೆತರೂ ಆಗಲ್ಲ" ಅನ್ನುತ್ತಿದ್ದ.

ಇವೆಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಪೆಟ್ರೋಲಿನ ಹಬೆ ಗಾಳಿಗಿಂತ ಭಾರ. ಎಲ್ಲಾದರೂ ತೊಟ್ಟಿಕ್ಕಿದರೆ ಆ ಹಬೆ ಮೇಲೆ ಹಾರಿಹೋಗುವುದಿಲ್ಲ, ಎಂಜಿನ್ನಿನ ಕೆಳಗೆ ತಳದಲ್ಲೇ ನೀರಿನ ಹಾಗೆ ನಿಲ್ಲುತ್ತದೆ. ಆಗ ಕೀಲಿ ತಿರುಗಿಸಿದರೆ ಒಂದು ಕಿಡಿ ಸಾಕು, ಬೋಟೂ ಇಲ್ಲ, ಕೂತವರೂ ಇಲ್ಲ. ಅದಕ್ಕೇ ಮೊದಲು ಎಂಜಿನ್ ಇರುವ ಗೂಡಿನ ಗಾಳಿ ಹೊರಗೆಳೆಯುವ ಫ್ಯಾನನ್ನು ಐದು ನಿಮಿಷ ಓಡಿಸಬೇಕು. ಆಮೇಲೆ ಮುಚ್ಚಳ ತೆಗೆದು, ಬೋರಲು ಮಲಗಿ, ತಳದವರೆಗೂ ತಲೆ ಇಳಿಸಿ ಮೂಸಬೇಕು. ಮೂಗು ಸರಿ ಅಂದ ಮೇಲೆಯೇ ಕೀಲಿ.

ಹತ್ತು ತಿಂಗಳ ಹಿಂದೆ ಮೇಸ್ತ್ರಿಗೆ ಜ್ವರ ಬಂತು. ಹದಿನೈದು ದಿನಕ್ಕೆ ಜ್ವರ ಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಗೊತ್ತಾದದ್ದು ಹೆಂಡತಿಗೆ. ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗುತ್ತಿದ್ದರೂ ಈ ಪುಣ್ಯಾತ್ಮ ಎದುರಿಗೇ ಕೂತು ಪೇಪರ್ ಓದುತ್ತಿದ್ದ. ಡಾಕ್ಟರು "ಬರಬಹುದು, ಬರದೆಯೂ ಇರಬಹುದು" ಅಂದರು.

"ಯಜಮಾನರಿಗೆ ಹೇಳಿಬಿಡಿ" ಅಂದಳು ಹೆಂಡತಿ.

"ಹೇಳಿ ಮನೇಲಿ ಕೂರಲಾ? ಕುರುಡನ ಕೈಗೆ ಯಾರಾದರೂ ಕಾರು ಕೊಡ್ತಾರಾ?"

"ಹಾಗಾದ್ರೆ ನನ್ನ ಮೂಗು ಕರ್ಕೊಂಡು ಹೋಗಿ" ಅಂದಳು ಅವಳು.

ಅಂದಿನಿಂದ ಸೀಟು ಒರೆಸುವ ನೆಪದಲ್ಲಿ ಅವಳೂ ಕಟ್ಟೆಗೆ ಬರತೊಡಗಿದಳು. ಸೆರಗು ಸಿಕ್ಕಿಸಿಕೊಂಡು ಗೂಡಿಗೆ ಬಗ್ಗಿ, ಮೂಸಿ, ತಲೆಯಾಡಿಸಿದ ಮೇಲೆಯೇ ಅವನು ಕೀಲಿ ಮುಟ್ಟುತ್ತಿದ್ದ. ಈ ಗುಟ್ಟು ಗೋಡೆಗೂ ಗೊತ್ತಿರಲಿಲ್ಲ.

ಆ ಭಾನುವಾರ ಯಜಮಾನರು ಬರಬೇಕಾದದ್ದು ಮಧ್ಯಾಹ್ನ ಮೂರಕ್ಕೆ. ಹಾಗಂತ ಹೆಂಡತಿ ಬೆಳಗ್ಗೆಯೇ ಬಸ್ಸು ಹತ್ತಿ ಅಕ್ಕನನ್ನು ನೋಡಲು ಹೋಗಿದ್ದಳು, ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಒಂಬತ್ತೂವರೆಗೆ ಕಟ್ಟೆಯ ಮುಂದೆ ಕಾರು ನಿಂತಿತು. ಯಜಮಾನರು, ಮಗಳು, ಅಳಿಯ, ಅವಳಿ ಮೊಮ್ಮಗಳಂದಿರು.

"ಮಧ್ಯಾಹ್ನ ಗಾಳಿ ಜೋರಂತೆ ಕಣಯ್ಯ. ಈಗಲೇ ಹೋಗಿಬರೋಣ" ಅಂದರು ಯಜಮಾನರು.

ಮೇಸ್ತ್ರಿ ಬಸ್ಸು ಬರುವ ದಾರಿಯ ಕಡೆ ನೋಡಿದ. ಹಿಂದಿನ ಸಂಜೆಯಷ್ಟೇ ಟ್ಯಾಂಕು ಕಂಠಪೂರ್ತಿ ತುಂಬಿಸಿದ್ದ.

ಹುಡುಗಿಯರು ಆಗಲೇ ಮುಂದಿನ ಸೀಟಿಗೆ ಜಿಗಿದಿದ್ದರು. ಅಳಿಯ ಸ್ಟೀರಿಂಗ್ ಚಕ್ರದ ಮುಂದೆ ಕೂತ. ಮೇಸ್ತ್ರಿ ಫ್ಯಾನು ಹಾಕಿ ಹೊರಗಿನ ಕಿಂಡಿಗೆ ಅಂಗೈ ಹಿಡಿದ. ಗಾಳಿ ಬರುತ್ತಿತ್ತು. ಮುಚ್ಚಳ ತೆಗೆದು ಬೋರಲು ಮಲಗಿದ. ಉಸಿರೆಳೆದ. ಏನೂ ಇಲ್ಲ. ಎಣ್ಣೆಯ ವಾಸನೆಯಿಲ್ಲ, ಕೊಳೆನೀರಿನದೂ ಇಲ್ಲ, ಗೋಡೆಗೆ ಮೂಗು ಒತ್ತಿ ಉಸಿರೆಳೆದ ಹಾಗೆ. ಪೆಟ್ರೋಲಿನ ಪೈಪಿನ ಅಡಿಗೆ ಕೈ ಹಾಕಿ ಸವರಿಕೊಂಡು ಹೋದ. ಟ್ಯಾಂಕಿನ ಹತ್ತಿರ ಪೈಪು ಬಾಗುವಲ್ಲಿ ಬೆರಳಿಗೆ ತಣ್ಣಗಾಯಿತು. ನೀರೋ, ಪೆಟ್ರೋಲೋ? ಉಜ್ಜಿ ನೋಡಿದ. ಬೇಗ ಒಣಗಿತು ಅನ್ನಿಸಿತು. ಹೆದರಿದ ಬೆರಳಿಗೆ ಏನು ಬೇಕಾದರೂ ಅನ್ನಿಸೀತು.

ಹತ್ತು ನಿಮಿಷವಾಯಿತು.

"ಮೇಸ್ತ್ರಿ, ಎಂಜಿನ್‌ಗೆ ಲಾಲಿ ಹಾಡ್ತಿದ್ದೀರಾ?" ಅಂದ ಅಳಿಯ. ಹುಡುಗಿಯರು ಕಿಸಕ್ಕೆಂದರು.

"ಬ್ಯಾಟರಿ ಸ್ವಲ್ಪ ಡೌನ್ ಇದೆ ಸಾರ್. ಮೂರು ಗಂಟೆ ಹೊತ್ತಿಗೆ…"

ಅಳಿಯ ಹಾರ್ನಿನ ಗುಂಡಿ ಒತ್ತಿದ. ಪೋಂ ಅಂತ ಇಡೀ ಕಟ್ಟೆಗೆ ಕೇಳಿಸಿತು. "ಬ್ಯಾಟರಿ ನಿಮಗಿಂತ ಗಟ್ಟಿ ಇದೆಯಲ್ಲ!" ಅನ್ನುತ್ತಾ ಕೀಲಿಗೆ ಕೈ ಹಾಕಿದ.

ಮೇಸ್ತ್ರಿ ಹೇಗೆ ಎದ್ದನೋ ಅವನಿಗೇ ತಿಳಿಯದು. ಮೊಣಕಾಲು ಎಂಜಿನ್ನಿಗೆ ಬಡಿದು ರಕ್ತ ಬಂತು. ಅಳಿಯನ ಕೈ ತಳ್ಳಿ, ಕೀಲಿ ಕಿತ್ತು, ಮುಷ್ಟಿಯಲ್ಲಿ ಹಿಡಿದು ನಿಂತ.

"ಏನಯ್ಯಾ ಇದು?" ಯಜಮಾನರ ದನಿ ಏರಿತು. "ಕೊಡು ಕೀಲಿ."

"ಕೊಡಲ್ಲ."

ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಅವನು ಯಾರಿಗೂ ಆಡಿದವನಲ್ಲ.

"ನನಗೆ ವಾಸನೆ ಬರಲ್ಲ ಸಾರ್" ಅಂದ. "ಹತ್ತು ತಿಂಗಳಾಯ್ತು. ಜ್ವರ ಬಂದಾಗಿನಿಂದ. ದಿನಾ ನನ್ನ ಹೆಂಡತಿ ಮೂಸಿ ಹೇಳ್ತಿದ್ದಳು. ಇವತ್ತು ಅವಳಿಲ್ಲ. ಪೈಪು ಸೋರ್ತಿದೆಯೋ ಇಲ್ಲವೋ ನನಗೆ ಗೊತ್ತಾಗ್ತಿಲ್ಲ."

ಯಜಮಾನರ ಮುಖ ಕಪ್ಪಿಟ್ಟಿತು. ಅಳಿಯ ಮಾತ್ರ ನಕ್ಕುಬಿಟ್ಟ. "ಇಷ್ಟೇನಾ? ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು. ಬಿಡಿ, ನಾನೇ ನೋಡ್ತೀನಿ." ಗೂಡಿನ ಅಂಚಿಗೆ ಬಂದು, ಪ್ಯಾಂಟು ಕೊಳೆಯಾಗದ ಹಾಗೆ ಕುಕ್ಕರಗಾಲಿನಲ್ಲಿ ಕೂತು, ಮೇಲಿನಿಂದಲೇ ಎರಡು ಸಲ ಮೂಸಿದ. "ಏನೂ ಇಲ್ಲ. ಹೊರಡೋಣ."

"ಕೆಳಗೆ ಸಾರ್. ತಲೆ ಒಳಗೆ ಹಾಕಬೇಕು. ಹಬೆ ತಳದಲ್ಲಿರುತ್ತೆ."

"ನನ್ನ ಮೂಗು ಸರಿಯಾಗಿಯೇ ಇದೆ ಮಾರಾಯ್ರೆ!"

"ಸರೀರಿ ಆಚೆ" ಅಂದಳು ಯಜಮಾನರ ಮಗಳು. ಕೈಚೀಲ ಸೀಟಿನ ಮೇಲಿಟ್ಟು, ಒಳ್ಳೆಯ ಬಟ್ಟೆಯ ಪರಿವೆಯಿಲ್ಲದೆ ಬೋರಲು ಮಲಗಿ, ಭುಜದವರೆಗೂ ಒಳಗೆ ಇಳಿದಳು. ಮೇಲೆದ್ದಾಗ ಅವಳ ಕಣ್ಣಲ್ಲಿ ನೀರಿತ್ತು.

"ಮಕ್ಕಳನ್ನ ಇಳಿಸಿ. ಈಗಲೇ."

"ಸ್ವಿಚ್ಚು ಯಾವುದೂ ಮುಟ್ಟಬೇಡಿ, ಅದರ ಕಿಡಿಯೂ ಸಾಕು. ಫ್ಯಾನು ಓಡ್ತಾ ಇರಲಿ" ಅಂದ ಮೇಸ್ತ್ರಿ. ಒಬ್ಬೊಬ್ಬಳನ್ನೇ ರಟ್ಟೆ ಹಿಡಿದೆತ್ತಿ ಕಟ್ಟೆಯ ಮೇಲಿದ್ದ ತಾತನ ಕೈಗೆ ಕೊಟ್ಟ. ಅಳಿಯ ಕೊನೆಗೆ ಇಳಿದು, ಹಾರ್ನು ಒತ್ತಿದ ತನ್ನ ಹೆಬ್ಬೆರಳನ್ನೇ ನೋಡುತ್ತಾ ನಿಂತ.

ಎಲ್ಲರೂ ದೂರ ಹೋದ ಮೇಲೆ ಮೇಸ್ತ್ರಿ ಟ್ಯಾಂಕಿನ ತಿರುಪು ಮುಚ್ಚಿ ಪೈಪು ಬಿಚ್ಚಿದ. ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಕೂದಲೆಳೆಯಷ್ಟು ಸೀಳು. ಹೊಸ ಪೈಪು ಹಾಕಿ, ತಳ ಒರೆಸಿ, ಮುಚ್ಚಳ ತೆರೆದೇ ಬಿಟ್ಟ.

ಹನ್ನೆರಡಕ್ಕೆ ಹೆಂಡತಿ ಬಂದಳು. ಕಾರು ನೋಡಿದವಳೇ ಓಡಿಬಂದಳು.

"ಇಷ್ಟು ದಿನ ಮೂಸಿದ್ದು ನೀನೇನಮ್ಮಾ?" ಯಜಮಾನರು ಕೇಳಿದರು.

"ನಾನೇ. ನಾನು ಹ್ಞೂಂ ಅನ್ನದೆ ಇವರು ಒಂದು ಸಲವೂ ಕೀಲಿ ತಿರುಗಿಸಿದವರಲ್ಲ."

ಯಜಮಾನರು ಮೇಸ್ತ್ರಿಯ ಕಡೆ ತಿರುಗಿದರು. "ಇವತ್ತು ಬಾಯಿ ಬಿಟ್ಟೆ, ನನ್ನ ಮೊಮ್ಮಕ್ಕಳು ಉಳಿದರು. ಅದನ್ನ ಮರೆಯಲ್ಲ. ಹತ್ತು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ, ಅದನ್ನೂ ಮರೆಯೋಕಾಗಲ್ಲ. ತೊಳೆಯೋದು, ತಳ, ಹಗ್ಗ ನಿನ್ನದೇ. ಎಂಜಿನ್ ಬೇರೆಯವರು ನೋಡ್ಕೋತಾರೆ."

ಹೆಂಡತಿ ಬಾಯಿ ತೆರೆದಳು. ಮೇಸ್ತ್ರಿ ಅವಳ ಮೊಣಕೈ ಹಿಡಿದು, "ನ್ಯಾಯ ಕಣೇ" ಅಂದ. ಕೀಲಿಯನ್ನು ಒರೆಸಿ ಯಜಮಾನರ ಕೈಗಿಟ್ಟ.

ಮುಂದಿನ ಭಾನುವಾರ ಹೊಸ ಎಂಜಿನ್ನಿನವನು ಬಂದ. ನಲವತ್ತರ ಆಳು, ಮಾತು ಕಡಿಮೆ. ಫ್ಯಾನು ಓಡಿಸಿ, ಬಗ್ಗಿ ಮೂಸಿ, "ಸರಿ ಇದೆ" ಅಂದ. ಯಜಮಾನರ ಮನೆಯವರೆಲ್ಲ ಹತ್ತಿ ಕೂತಿದ್ದರು. ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ ಮೇಸ್ತ್ರಿ, "ಮಲಗಿ ಮೂಸಪ್ಪ" ಅಂದ. ಅವನು ಗೊಣಗಿಕೊಂಡು ಮಲಗಿದ. "ಸರಿ ಇದೆ ಅಂದೆನಲ್ಲ."

"ಇನ್ನೂ ಕೆಳಗೆ."

"ಹೊತ್ತಾಯ್ತು ಮೇಸ್ತ್ರಿ, ಹಗ್ಗ ಬಿಚ್ಚು" ಅಂದರು ಯಜಮಾನರು.

ಮೇಸ್ತ್ರಿ ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಸುತ್ತಿದ. ಎಂಜಿನ್ನಿನವನು ಅವನ ಮುಖ ನೋಡಿದ, ಯಜಮಾನರ ಮುಖ ನೋಡಿದ, ಆಮೇಲೆ ಭುಜದವರೆಗೂ ಗೂಡಿಗೆ ಇಳಿದ.