ನಸ್ರೀನ್ ಕಿವಿಗೆ ಹೋಗಬೇಕಿದ್ದ ದನಿ

ಅಂದು ವೇದಿಕೆಯ ಮೇಲೆ ನಸ್ರೀನ್ ಬರೀ ತುಟಿ ಆಡಿಸಲಿಲ್ಲ, ಹಾಡಿದಳು. ಅದು ನನಗೆ ಗೊತ್ತಿತ್ತು — ನಾನು ಹೇಳಲಿಲ್ಲ.

ಗರುಡಾಚಾರ್‌ಪಾಳ್ಯದ ನಮ್ಮ ಆಫೀಸಿನಲ್ಲಿ ರಾಜ್ಯೋತ್ಸವಕ್ಕೆ ಪ್ರತಿವರ್ಷ ಹಾಡುತ್ತಿದ್ದವಳು ನಾನು. ಆ ಸಲ ಹಾಡಲು ಎಲ್ಲರೂ ಸೇರಿ ನಸ್ರೀನ್‌ಳನ್ನು ಕೇಳಿಕೊಂಡರು. ಶಿವಾಜಿನಗರದವಳು, ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವವಳು. ಊಟದ ಬಿಡುವಿನಲ್ಲಿ ನನ್ನ ಪಕ್ಕ ಕೂತು ಒಂದೊಂದೇ ಪದದ ಉಚ್ಚಾರ ತಿದ್ದಿಸಿಕೊಂಡಳು. ನಗುತ್ತಲೇ ತಿದ್ದಿದೆ. ಒಳಗೆ ಮಾತ್ರ, ನನ್ನ ಹಾಡು ಇವಳ ಪಾಲಾಯಿತಲ್ಲ ಎಂದು...

ಲ್ಯಾಪ್‌ಟಾಪ್ ನನ್ನ ಕೈಯಲ್ಲಿತ್ತು. ಒಂದು ಆ್ಯಪ್‌ನಿಂದ ವಾದ್ಯದ ಟ್ರ್ಯಾಕ್ ಸಭಾಂಗಣದ ಸ್ಪೀಕರಿಗೆ ಹೋಗಬೇಕು. ಇನ್ನೊಂದರಲ್ಲಿ, ಸಾಲು ತಪ್ಪದಿರಲೆಂದು ಅವಳೇ ಮೊದಲು ಹಾಡಿ ರೆಕಾರ್ಡ್ ಮಾಡಿದ್ದು — ಅದು ಅವಳ ಇಯರ್‌ಫೋನಿಗೆ ಮಾತ್ರ. ಸೆಟ್ಟಿಂಗ್ಸ್‌ನಲ್ಲಿ ಆತುರದಿಂದ ಎರಡಕ್ಕೂ ಸ್ಪೀಕರನ್ನೇ ಆರಿಸಿಬಿಟ್ಟಿದ್ದೆ. ಅಷ್ಟರ ಮಟ್ಟಿಗೆ ಅದು ಕೈತಪ್ಪು.

ಇಯರ್‌ಫೋನಿನಲ್ಲಿ ಏನೂ ಕೇಳದಿದ್ದರೂ ಅವಳು ಹಾಡುತ್ತ ಹೋದಳು; ಎರಡೂ ಅವಳದೇ ದನಿಯಾದ್ದರಿಂದ ಮೊದಲ ಚರಣದಲ್ಲಿ ಯಾರಿಗೂ ತಿಳಿಯಲಿಲ್ಲ. ಎರಡನೇ ಚರಣದಲ್ಲಿ ಅವಳಿಗೆ ಕೆಮ್ಮು ಬಂತು. ಮೈಕ್ ಕೆಳಗಿಳಿಸಿದಳು. ಹಾಡು ನಿಲ್ಲಲಿಲ್ಲ — ಸಭಾಂಗಣದ ತುಂಬ ಅವಳದೇ ದನಿ. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಅವಳು ನನ್ನ ಕಡೆ ನೋಡಿದಳು. ಒಂದು ಕ್ಲಿಕ್ ಸಾಕಿತ್ತು. ತಪ್ಪು ಕಣ್ಣೆದುರಿಗಿತ್ತು, ಬೆರಳು ಟಚ್‌ಪ್ಯಾಡಿನ ಮೇಲಿತ್ತು. ಒತ್ತಲಿಲ್ಲ.

ಏನಾಯಿತೆಂದು ಮ್ಯಾನೇಜರ್ ಬಂದು ಕೇಳಿದರು.

"ನನ್ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ ಸರ್. ಅವ್ಳು ಕೊಟ್ಟಿದ್ದನ್ನೇ ಪ್ಲೇ ಮಾಡಿದ್ದು" ಎಂದೆ — ಅವಳು ಪಕ್ಕದಲ್ಲೇ ನಿಂತಿರುವಾಗ.

"ಅದಕ್ಕೇ ಕನ್ನಡ ಅಷ್ಟು ಚೆನ್ನಾಗಿತ್ತು" ಎಂದು ಹಿಂದಿನಿಂದ ಯಾರೋ ಅಂದರು.

ಅದು ತನ್ನದೇ ದನಿಯೆಂದು ಅವಳು ಹೇಳಿದಳು. ಯಾರೂ ನಂಬಲಿಲ್ಲ. ಮರುದಿನದಿಂದ ಊಟಕ್ಕೆ ನನ್ನ ಪಕ್ಕ ಬರಲಿಲ್ಲ. ಆಫೀಸಿನಲ್ಲಿ ಮತ್ತೆ ಹಾಡಲೂ ಇಲ್ಲ. ಮುಂದಿನ ವರ್ಷ ಹಾಡು ನನಗೇ ಬಂತು. ಹಾಡಿದೆ. ಚಪ್ಪಾಳೆಯನ್ನೂ ತೆಗೆದುಕೊಂಡೆ. ಹಾಗೇ ವರ್ಷಗಳು ಹೋದವು...

ಈ ಸಲ ಅಭ್ಯಾಸಕ್ಕೆಂದು ಕೂತರೆ ದನಿಯೇ ಹೊರಡಲಿಲ್ಲ. ಭಾನುವಾರ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕೇಳಿ ಅವಳು ಅಂದಳು:

"ನೀನು ಬೇಕಂತ್ಲೇ ನಿಲ್ಲಿಸ್ಲಿಲ್ಲ ಅಂತ ಅವತ್ತೇ ಗೊತ್ತಾಯ್ತು ಸುಜಾತಾ. ನಂಗ್ಯಾಕೆ ಹೇಳ್ತೀಯ? ನಕ್ಕೋರಿಗೆ ಹೇಳು."

ಹಾಡುವುದಿಲ್ಲವೆಂದು ಮ್ಯಾನೇಜರಿಗೆ ತಿಳಿಸಿದ್ದೇನೆ. ಕಾರ್ಯಕ್ರಮದ ಮೊದಲಿಗೆ ಮೈಕ್ ಬೇಕೆಂದೆ, ಏಕೆಂಬುದನ್ನೂ ಹೇಳಿದೆ. ಹಳೆಯದನ್ನು ಯಾಕೆ ಕೆದಕುತ್ತೀರಿ ಎಂದರು. ಕೆದಕಲೇಬೇಕು ಎಂದೆ.

ನಸ್ರೀನ್ ಅಂದು ರಜೆ ಹಾಕುತ್ತಾಳಂತೆ. ಹಾಕಲಿ. ನಕ್ಕವರು ಬಂದಿರುತ್ತಾರೆ — ಅವರೆದುರು ನಿಂತು ಮೊದಲು ಅವಳ ಹೆಸರು ಹೇಳುತ್ತೇನೆ, ಆಮೇಲೆ ನನ್ನದು.